ಡಬ್ಬಿಯಲ್ಲಿ ಉಳಿದ ಸಾವು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು, ಹುಡುಗಿ ಎಷ್ಟು ಪಿಕ್ಚರಿನಲ್ಲಿ ಸತ್ತಿದ್ದಾಳೆ ಎಂದು ಕೇಳುತ್ತಿದ್ದರು. ಆಮೇಲಿನ ಪ್ರಶ್ನೆ, ಇಂಟರ್ವಲ್‌ಗೆ ಮುಂಚೆಯೋ ಆಮೇಲೋ ಅನ್ನುವುದು. ಮುಂಚೆ ಸತ್ತವಳನ್ನು ಮನೆಗೆ ತಂದುಕೊಂಡರೆ ಕಷ್ಟ. ಎಲ್ಲೋ ಯಾವುದೋ ಟೆಂಟಿನಲ್ಲಿ ಆ ಪಿಕ್ಚರ್ ಓಡುತ್ತಿದ್ದು, ಅಲ್ಲಿ ಅವಳು ಸಾಯುವ ಸೀನು ಬಂತೆಂದರೆ, ಇಲ್ಲಿ ಕೈಯಲ್ಲಿದ್ದದ್ದನ್ನು ಬಿಟ್ಟು ಧೊಪ್ಪನೆ ಬೀಳುತ್ತಾಳೆ. ಅಲ್ಲಿ ‘ಶುಭಂ’ ಎಂದು ಬರುವವರೆಗೆ ಇಲ್ಲಿ ಏಳುವ ಹಾಗಿಲ್ಲ. ಕ್ಲೈಮ್ಯಾಕ್ಸಿನಲ್ಲಿ ಸತ್ತವಳಾದರೆ ವಾಸಿ. ಬಿದ್ದು, ಸ್ವಲ್ಪ ಹೊತ್ತಿಗೆ ಎದ್ದು, ಸೀರೆ ಕೊಡವಿಕೊಂಡು ಮತ್ತೆ ಕಸಬರಿಕೆ ಹಿಡಿಯುತ್ತಾಳೆ.

ನನ್ನ ಓರಗಿತ್ತಿ ಸುಭದ್ರಕ್ಕ ಇಂಟರ್ವಲ್‌ಗೆ ಮುಂಚಿನವಳು. ದಾಮೋದರ್ ಸಾರ್ ಎಂಬಾತ ನಮ್ಮೂರಿನ ಹಾಳುಬಿದ್ದ ಅಕ್ಕಿಗಿರಣಿಯಲ್ಲಿ ತೆಗೆದ ಅಷ್ಟೂ ಪಿಕ್ಚರುಗಳಲ್ಲಿ ಅವಳದ್ದೇ ಮೊದಲ ಹೆಣ. ದೆವ್ವದ್ದು, ನಾಗಿಣಿಯದ್ದು, ಡಕಾಯಿತರದ್ದು, ಸೇಡಿನದ್ದು, ಪೋಸ್ಟರಿನ ಮೂಲೆಯಲ್ಲಿ ‘ವಯಸ್ಕರಿಗೆ ಮಾತ್ರ’ ಎಂದು ಬರೆದದ್ದು. ಒಂದಕ್ಕೂ ಬಂಡವಾಳವಿರಲಿಲ್ಲ. ರಕ್ತಕ್ಕೆ ಬೀಟ್‌ರೂಟ್ ಬೇಯಿಸಿದ ನೀರು, ದೆವ್ವಕ್ಕೆ ಯಾರದ್ದೋ ಮನೆಯ ಬಿಳಿ ಪಂಚೆ, ಸಾಯುವುದಕ್ಕೆ ನಾವು. ಎರಡು ಹೊತ್ತು ಚಿತ್ರಾನ್ನ ಹಾಕಿಸಿ ಊರಿಗೆ ಊರನ್ನೇ ಕೊಂದು, ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದ ಮಹಾನುಭಾವ. ಮೊದಲನೆಯದು ಬಿಡುಗಡೆಯಾದ ಶುಕ್ರವಾರ ಸಂತೆಯ ನಡುವೆ ಜನ ಒಬ್ಬೊಬ್ಬರಾಗಿ ಬಿದ್ದರು. ಅವತ್ತು ಅತ್ತದ್ದೇ ಅತ್ತದ್ದು. ಆಮೇಲಾಮೇಲೆ ಅಳುವುದಕ್ಕೂ ಬೇಜಾರಾಗಿ ಎಲ್ಲರೂ ಅಂಗಡಿಯಲ್ಲಿ ಒಂದೊಂದು ಚಾಪೆ ಇಟ್ಟುಕೊಂಡರು.

ಹೀಗೆ ಬೀಳುವವರು, ನಿಲ್ಲುವವರು ಎಂದು ಊರು ಎರಡಾಯಿತು. ಒಲೆ, ಏಣಿ, ಬಾವಿಕಟ್ಟೆ, ಬಸ್ಸಿನ ಸ್ಟೇರಿಂಗು, ಇವುಗಳ ಹತ್ತಿರ ಬೀಳುವವರನ್ನು ಬಿಡುತ್ತಿರಲಿಲ್ಲ. ನಾನು ನಿಲ್ಲುವವಳು. ಹಾಗಂತ ಸಾಯಲಿಲ್ಲ ಎಂದಲ್ಲ. ಸತ್ತೆ, ಚೆನ್ನಾಗಿಯೇ ಸತ್ತೆ. ‘ಗಿರಣಿ ಮೋಹಿನಿ’ಯಲ್ಲಿ ಡಕಾಯಿತರ ನಾಯಕ ನನ್ನ ಕತ್ತು ಹಿಸುಕುತ್ತಾನೆ, ನಾನು ಅಕ್ಕಿಮೂಟೆಗಳ ಮೇಲೆ ಒರಗಿ ಒದ್ದಾಡಿ ಪ್ರಾಣ ಬಿಡುತ್ತೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ತೆಗೆದರು. ಕಿರುಚಿ ಕಿರುಚಿ ಗಂಟಲು ಬಿದ್ದುಹೋಯಿತು. ದಾಮೋದರ್ ಸಾರ್ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ. ಆದರೆ ಆ ಸೀನು ಪಿಕ್ಚರಿನಲ್ಲಿ ಬರಲೇ ಇಲ್ಲ. ಸೆನ್ಸಾರಿನವರು ನೋಡಿ ಹೆದರಿಕೊಂಡು ಕತ್ತರಿಸಿದರಂತೆ ಎಂದು ಊರಲ್ಲಿ ಮಾತಾಯಿತು. ಇರಬಹುದು ಎಂದು ನಾನೂ ಸೆರಗು ಸರಿಮಾಡಿಕೊಂಡು ಓಡಾಡಿದೆ. ನಮ್ಮತ್ತೆ ನನ್ನನ್ನು ಒಪ್ಪಿದ್ದೇ ಅದಕ್ಕೆ. ದೊಡ್ಡ ಸೊಸೆ ದಿನ ಬೆಳಗಾದರೆ ಬೀಳುತ್ತಾಳೆ, ಎರಡನೆಯವಳಾದರೂ ನಿಂತಿರಲಿ ಎಂದರು. ನಿಂತೆ. ನಿಂತೂ ನಿಂತೂ ಮಂಡಿ ಸವೆದಿದೆ.

ಬಿದ್ದವರಿಗೆ ತೊಡೆ ಕೊಡುವುದು ನಮ್ಮೂರಿನ ಪದ್ಧತಿ. ಯಾರೇ ಬೀಳಲಿ, ಹತ್ತಿರವಿದ್ದವರು ಅಲ್ಲೇ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏಳುವವರೆಗೆ ಕಾಯಬೇಕು. ಮಾತು ಬಿಟ್ಟವರಾದರೂ ಕೊಡಬೇಕು, ಒಲೆಯ ಮೇಲೆ ಹಾಲಿದ್ದರೂ ಕೊಡಬೇಕು. ಸುಭದ್ರಕ್ಕನ ತಲೆಯನ್ನು ನಾನು ಹೊತ್ತಷ್ಟು ಅವಳ ಕುತ್ತಿಗೆ ಹೊತ್ತಿರಲಿಕ್ಕಿಲ್ಲ. ಅರ್ಧ ಪಿಕ್ಚರ್ ಹೊತ್ತು ನನ್ನ ತೊಡೆ ಜೋಮು ಹಿಡಿಯುವ ಹಾಗೆ ಬಿದ್ದಿದ್ದು, ಎದ್ದ ಕೂಡಲೇ ಹಸಿವು ಅನ್ನುವಳು. ಬಿದ್ದಾಗ ಹೇಗಿರುತ್ತದೆ ಎಂದು ಒಂದು ಸಲ ಕೇಳಿದ್ದೆ.

“ಏನೂ ಇರಲ್ಲ ಕಣೇ ವಿಶಾಲು,” ಎಂದಳು. “ಬೇಳೆ ಮುಗ್ದಿದೆ, ತರಬೇಕು ಅನ್ನೋದೂ ಇರಲ್ಲ.”

ನನಗೆ ಹೊಟ್ಟೆಕಿಚ್ಚಾಯಿತು. ಬೇಳೆ ಮುಗಿದದ್ದು ನನ್ನ ತಲೆಯಿಂದ ಇವತ್ತಿನವರೆಗೆ ಒಂದು ಗಳಿಗೆಯೂ ಹೋಗಿಲ್ಲ.

ನನ್ನ ಕೆಲಸ ಕೂಸುಗಳಿಗೆ ನೀರೆರೆಯುವುದು. ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲಿನ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹಂಡೆಯ ಬಿಸಿನೀರನ್ನು ಹದ ನೋಡಿ ಎರೆಯುವುದಕ್ಕೆ ನಿಲ್ಲುವವಳೇ ಬೇಕು. ಬೀಳುವವಳ ಕೈಗೆ ಎಣ್ಣೆ ಹಚ್ಚಿದ ಕೂಸನ್ನು ಯಾರು ಕೊಟ್ಟಾರು? ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಬಹಳ ಜನ ನನ್ನ ಕಾಲಿನ ಮೇಲೆ ಬಾಯಿ ಬಡಿದುಕೊಂಡವರೇ. ನನಗೆ ಮಕ್ಕಳಾಗಲಿಲ್ಲ. ಮೊದಮೊದಲು ಜನ ಆಡಿಕೊಂಡರು, ನಾನೂ ಅತ್ತುಕೊಂಡೆ. ಆದರೆ ಬೆಳಗಾದರೆ ಯಾರದ್ದಾದರೂ ಬಚ್ಚಲಿನಲ್ಲಿ ಒಂದು ಕೂಸು ಕಾಯುತ್ತಿರುತ್ತಿತ್ತು, ಅಳುವುದಕ್ಕೆ ಪುರುಸೊತ್ತು ಸಿಗಲಿಲ್ಲ.

ಎಷ್ಟೋ ವರ್ಷ ಹೀಗೆ ನಡೆಯಿತು. ಆಮೇಲೆ ಟೆಂಟುಗಳು ಮುಚ್ಚಿದವು. ವಿಡಿಯೋ ಕ್ಯಾಸೆಟ್ಟು ಬಂದಾಗ ಒಂದಷ್ಟು ಕಾಲ ಮತ್ತೆ ಜೋರಾಗಿ ಬಿದ್ದರು, ಆಮೇಲೆ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯಿತು. ಬೀಳುವುದು ಅಪರೂಪವಾಗಿ, ಅಪರೂಪವಾಗಿ, ನಿಂತೇ ಹೋಯಿತು. ಅಂಗಡಿಗಳ ಚಾಪೆಯನ್ನು ಇಲಿ ತಿಂದವು. ಬೀಳುವವರು ಅಂಜಿಕೊಂಡೇ ಒಲೆ ಹಚ್ಚಿದರು, ಸ್ಕೂಟರ್ ಕಲಿತರು. ಪಿಕ್ಚರುಗಳ ಕಾಲದ ಆಚೆ ಹುಟ್ಟಿದ ಮಕ್ಕಳಿಗೆ ಇದೆಲ್ಲ ಅಜ್ಜಿಯರ ಕಟ್ಟುಕತೆಯಾಯಿತು. ಗಂಡಂದಿರು ಹೋಗಿ ಮನೆಯಲ್ಲಿ ನಾವಿಬ್ಬರೇ ಉಳಿದ ಮೇಲೆ ಸುಭದ್ರಕ್ಕ ಬಸ್‌ಸ್ಟ್ಯಾಂಡಿನ ಹತ್ತಿರ ಬಜ್ಜಿ ಅಂಗಡಿ ಇಟ್ಟಳು. ಜೀವಮಾನವೆಲ್ಲ ನಾವು ಒಲೆಯಿಂದ ದೂರ ಕೂರಿಸಿದ್ದವಳು, ಬಾಣಲೆಯ ಮುಂದೆ ನಿಂತಾಗ ಮದುವಣಗಿತ್ತಿಯ ಹಾಗೆ ಕಾಣುತ್ತಿದ್ದಳು. ನನಗೂ ಸಂತೋಷವಾಯಿತು, ನನ್ನ ತೊಡೆಗೆ ಅದಕ್ಕಿಂತ ಹೆಚ್ಚು.

ಅವಳ ಮಗಳು ಇಂದುಮತಿಗೆ ಬಹಳ ವರ್ಷ ಕಾದ ಮೇಲೆ ಕೂಸಾಯಿತು. ಹೆಣ್ಣು. ಬಾಣಂತನಕ್ಕೆ ನಮ್ಮಲ್ಲಿಗೇ ಬಂದಳು. ನಾನು ಎಷ್ಟೋ ಕೂಸುಗಳಿಗೆ ಎರೆದಿದ್ದೇನೆ, ಆದರೆ ಎರೆದು ಮುಗಿಸಿ ದೃಷ್ಟಿ ನಿವಾಳಿಸಿ ತಾಯಿಯ ಕೈಗೆ ಕೊಟ್ಟು ಮನೆಗೆ ಬರುವವಳು ನಾನು. ಇದು ನಮ್ಮ ಮನೆಯ ಕೂಸು. ಎರೆದ ಮೇಲೆ ಸಾಂಬ್ರಾಣಿ ಹೊಗೆಯ ವಾಸನೆಯ ಸಮೇತ ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ಬಿಸಿನೀರು ಬೆನ್ನಿಗೆ ಬಿದ್ದಾಗ ಅಳುವುದನ್ನು ಬಿಟ್ಟು, ದೊಡ್ಡವರ ಹಾಗೆ ಒಂದು ನಿಟ್ಟುಸಿರು ಬಿಡುತ್ತಿತ್ತು. ಅದನ್ನು ಕೇಳುವುದಕ್ಕೆ ನಾನು ಬೆಳಕು ಹರಿಯುವ ಮುಂಚೆ ಎದ್ದು ಹಂಡೆಯ ಒಲೆ ಹಚ್ಚುತ್ತಿದ್ದೆ. ಇಷ್ಟು ವರ್ಷದ ಆಯಾಸಕ್ಕೆ ಇದು ಸಾಕು ಅನ್ನಿಸಿತ್ತು.

ಪ್ರಣೀತ ಬಂದದ್ದು ಆಗ. ದೂರದ ಪಟ್ಟಣದವನು, ಕುರುಚಲು ಗಡ್ಡ, ಅಂಗಿಯ ಮೇಲೆ ದಾಮೋದರ್ ಸಾರ್‌ನ ಪಂಚೆಯ ದೆವ್ವದ ಚಿತ್ರ. ಒಳಗೆ ಬಂದವನೇ ಸುಭದ್ರಕ್ಕನ ಕಾಲಿಗೆ ಬಿದ್ದು, ಅವಳು ಯಾವ ಪಿಕ್ಚರಿನಲ್ಲಿ ಹೇಗೆ ಸತ್ತಿದ್ದಾಳೆ ಎಂದು ಸ್ತೋತ್ರದ ಹಾಗೆ ಒಪ್ಪಿಸಿದ. ಹಾವು ಕಚ್ಚಿ, ಬಾವಿಗೆ ಬಿದ್ದು, ಗಿರಣಿಯ ಪಟ್ಟಿಗೆ ಸಿಕ್ಕಿ. ಅವಳು ನಾಚಿ ಕೆಂಪಾದಳು. ಆ ಪಿಕ್ಚರುಗಳ ಮೂಲ ರೀಲುಗಳು ಅವನಿಗೆ ಎಲ್ಲೋ ಒಂದು ಉಗ್ರಾಣದಲ್ಲಿ ಸಿಕ್ಕಿದ್ದುವಂತೆ. ಯಂತ್ರದಿಂದಲೇ ಗೀರು ಅಳಿಸಿ, ಬಣ್ಣ ತೊಳೆದು, ಡಿಸ್ಕು ಮಾಡಿ, ಒಂದು ಚೆಂದದ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರಂತೆ. ಬೇರೆ ದೇಶದವರೂ ಕಾಯುತ್ತಿದ್ದಾರಂತೆ. ದೆವ್ವದ ಪಂಚೆಗೆ ಕಟ್ಟಿದ ದಾರ ಕಾಣುವುದೇ ಅವರಿಗೆ ಇಷ್ಟವಂತೆ. ನಮ್ಮ ಆಗಿನ ಬಡತನ ಈಗ ಚೆಂದವಾಗಿದೆ ಎಂದುಕೊಂಡೆ. ಹುಡುಗ ಒಳ್ಳೆಯವನೇ. ಆ ಪಿಕ್ಚರುಗಳ ಮೇಲೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ, ಮಾತಾಡುವಾಗ ಕಣ್ಣು ತುಂಬುತ್ತಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ಎಲ್ಲೆಲ್ಲೋ ಕೂತು ಇಷ್ಟು ಪ್ರೀತಿಸುವವರು ಎಷ್ಟು ಸಲ ನೋಡಿಯಾರು?

ಆಮೇಲೆ ಅವನು ನನ್ನ ಕಡೆ ತಿರುಗಿದ. “ವಿಶಾಲಾಕ್ಷಿ ಆಂಟಿ, ನಿಮ್ಮ ಸೀನ್ ಸಿಕ್ಕಿದೆ,” ಎಂದ. “ಡಬ್ಬಿ ಮೇಲೆ ನಿಮ್ಮ ಹೆಸರಿದೆ. ವಿಶಾಲು ಸಾಯೋದು, ಅಂತ. ಯಾರೂ ನೋಡಿಲ್ಲ ಅದನ್ನ. ನಾನೂ ಓಡಿಸಿ ನೋಡಿಲ್ಲ, ಹಾಗೇ ಯಂತ್ರಕ್ಕೆ ಕೊಟ್ಟು ಡಿಸ್ಕಿಗೆ ಹಾಕಿಸ್ದೆ. ನಿಮ್ಮ ಜೊತೆ ಕೂತು ನೋಡಬೇಕು ಅಂತ ಆಸೆ.”

ಅದನ್ನು ಯಾರಾದರೂ ನೋಡಿದರೆ ನಾನೂ ಬೀಳುವವಳಾಗುತ್ತೇನೆ. ಒಳಗೆ ತೊಟ್ಟಿಲಿನಲ್ಲಿ ಕೂಸು ಅಳುತ್ತಿತ್ತು. ನಮ್ಮೂರಿನ ಸಂಗತಿ ಅವನಿಗೆ ಗೊತ್ತಿರಲಿಲ್ಲ, ಹೊರಗಿನವರಿಗೆ ಹೇಳಿದರೆ ನಗುತ್ತಾರೆ ಎಂದು ನಾವು ಹೇಳುವುದಿಲ್ಲ. ಸುಭದ್ರಕ್ಕನಿಗೆ ತನ್ನ ಹೊಗಳಿಕೆಯ ಗುಂಗು. ಬಾ ಮಗಾ, ಬಜ್ಜಿ ತಿನ್ನುವೆಯಂತೆ ಎಂದು ಅವನನ್ನು ಅಂಗಡಿಗೆ ಕರೆದುಕೊಂಡು ಹೊರಟಳು. ಆ ಸೀನನ್ನು ಬಿಟ್ಟುಬಿಡಲು ಅವನನ್ನು ಹೇಗಾದರೂ ಒಪ್ಪಿಸಬೇಕೆಂದು ನಾನೂ ಹಿಂದೆ ಹೋದೆ.

ಎಣ್ಣೆ ಚೆನ್ನಾಗಿ ಕಾದಿತ್ತು. ಸುಭದ್ರಕ್ಕ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಬಾಣಲೆಯ ಮೇಲೆ ಕೈಯೊಡ್ಡಿದವಳು, ಹಾಗೇ ಮುಂದಕ್ಕೆ ವಾಲಿದಳು. ಅಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಅಭ್ಯಾಸ ನನ್ನ ಮೈಯಲ್ಲಿತ್ತೋ ಏನೋ, ಸೊಂಟ ಹಿಡಿದು ಹಿಂದಕ್ಕೆಳೆದೆ. ಮುಖ ಉಳಿಯಿತು. ಬಲಗೈ ಮೊಣಕೈವರೆಗೆ ಎಣ್ಣೆಗೆ ಸಿಕ್ಕಿತು. ಅವಳು ಅಳಲಿಲ್ಲ. ಅಳುವುದಕ್ಕೆ ಎಚ್ಚರವೇ ಇರಲಿಲ್ಲ. ನಾನು ನೆಲದ ಮೇಲೆ ಕೂತು ತೊಡೆ ಕೊಟ್ಟೆ, ಸುಟ್ಟ ಕೈಯ ಮೇಲೆ ತಣ್ಣೀರು ಹುಯ್ಯುತ್ತಾ ಕೂತೆ. ರಸ್ತೆಯಾಚೆ ದರ್ಜಿಯೂ ಹೊಲಿಗೆ ಯಂತ್ರದ ಮೇಲೆ ಬಿದ್ದಿದ್ದ. ಅವನ ಮಗ, ಇಂಥದ್ದನ್ನು ಹಿಂದೆಂದೂ ನೋಡಿರದವನು, ಅಪ್ಪ ಹೋದ ಎಂದು ಎದೆ ಬಡಿದುಕೊಳ್ಳುತ್ತಿದ್ದ. ಇಲ್ಲ ಮಾರಾಯ, ಪಿಕ್ಚರ್ ಶುರುವಾಗಿದೆ, ತೊಡೆ ಕೊಟ್ಟು ಕೂತ್ಕೋ ಎಂದು ಕೂಗಿ ಹೇಳಿದೆ.

ಪಿಕ್ಚರ್ ಎಂಬ ನನ್ನ ಮಾತು ಕೇಳಿ ಪ್ರಣೀತ ಜೇಬಿನಿಂದ ಫೋನು ತೆಗೆದ. ಡಿಸ್ಕು ಅಚ್ಚಾಗಿ ಬಂದಿತ್ತಂತೆ, ಸರಿಯಿದೆಯೇ ಎಂದು ಅವತ್ತೇ ಅವನ ಆಫೀಸಿನಲ್ಲಿ ಮೊದಲ ಸಲ ಓಡಿಸುತ್ತಿದ್ದರಂತೆ. ನಿಲ್ಲಿಸಿ ಎಂದು ಫೋನಿನಲ್ಲಿ ಕಿರುಚಿದ. ಡಿಸ್ಕು ಹೊರತೆಗೆದರು, ಸುಭದ್ರಕ್ಕ ಕಣ್ಣು ಬಿಟ್ಟು ಹಸಿವು ಅನ್ನಲು ಬಾಯಿ ತೆರೆದಳು, ಬಾಯಿಂದ ಬಂದದ್ದು ಮಾತ್ರ ಕೂಗು. ಅವಳಿಗೆ ಕಟ್ಟು ಹಾಕಿಸಿಕೊಂಡು ಬಂದ ಮೇಲೆ ನಾನು ಅವನನ್ನು ಜಗಲಿಯಲ್ಲಿ ಕೂರಿಸಿ ಎಲ್ಲ ಹೇಳಿದೆ. ಕೂಸಿನ ವಿಷಯ ಹೇಳಿದೆ. ಬೇರೆಯವರ ಸಾವು ಹೇಗೂ ಊರೂರು ಸುತ್ತಿದೆ, ನನ್ನದನ್ನು ಡಬ್ಬಿಯಲ್ಲೇ ಬಿಡು, ನಿನ್ನ ಕಾಲು ಹಿಡಿಯುತ್ತೇನೆ ಎಂದೆ.

ಮುಂಚೆಯೇ ಕೊಂಡವರಿಗೆಲ್ಲ ಅಚ್ಚಾದಲ್ಲಿಂದಲೇ ನೇರವಾಗಿ ಪೆಟ್ಟಿಗೆಗಳು ಹೊರಟಾಗಿತ್ತು, ಇನ್ನು ಅವನ ಕೈಯಲ್ಲಿ ಏನೂ ಇರಲಿಲ್ಲ. “ನಿಮ್ಮದನ್ನ ಪಿಕ್ಚರ್ ಒಳಗೆ ಸೇರಿಸಿಲ್ಲ ಆಂಟಿ, ಬೇರೆಯಾಗಿ ಇಟ್ಟಿದೀನಿ,” ಎಂದು ಏನೋ ಸಮಾಧಾನ ಹೇಳಿದ. ನನಗೆ ಅದು ತಲೆಗೆ ಹೋಗಲಿಲ್ಲ. ಟೆಂಟಿನಲ್ಲಿ ಯಂತ್ರಕ್ಕೆ ಏರಿಸಿದ ರೀಲು ಮೊದಲಿಂದ ಕೊನೆಯವರೆಗೆ ಓಡುವುದನ್ನು ನೋಡಿದವಳು ನಾನು. ಡಿಸ್ಕಿನಲ್ಲಿದೆ ಅಂದಮೇಲೆ ಓಡಿಯೇ ಓಡುತ್ತದೆ, ಒಳಗಿದ್ದರೇನು, ಬೇರೆಯಿದ್ದರೇನು? ಅವನು ಹೋಗುವಾಗ ನಮಗೊಂದು ಪೆಟ್ಟಿಗೆ ಕೊಟ್ಟ. ಅದನ್ನು ಅಟ್ಟಕ್ಕೆ ಎಸೆದೆ.

ಪೆಟ್ಟಿಗೆಗಳು ಜನರ ಮನೆ ಸೇರಲು ಒಂದಷ್ಟು ದಿನ ಬೇಕಿತ್ತು. ಆ ದಿನಗಳಲ್ಲಿ ಊರು ಹಳೆಯದನ್ನೆಲ್ಲ ಮತ್ತೆ ಇಳಿಸಿಕೊಂಡಿತು. ಹೊಸ ಚಾಪೆ ಬಂದವು. ಬಸ್ಸಿನ ಡ್ರೈವರನ್ನು ಬದಲಾಯಿಸಿದರು. ಸುಭದ್ರಕ್ಕ ಒಂದೇ ಕೈಯಲ್ಲಿ ಬಾಣಲೆ ತಿಕ್ಕಿ ಬೋರಲು ಹಾಕಿದಳು, ನನ್ನೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಇಂದುವಿಗೆ ಎರೆಯುವುದನ್ನು ಹೇಳಿಕೊಡಲು ಕೂತೆ. ಆ ಹುಡುಗಿಗೆ ಕೂಸನ್ನು ಮುಟ್ಟಿದರೇ ಭಯ. ಆಸ್ಪತ್ರೆಯ ನರ್ಸಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂದಿದ್ದಾರೆ ಎಂದು ರಾಗ ತೆಗೆದಳು. ನರ್ಸಮ್ಮ ನನ್ನ ಕಾಲಿನ ಮೇಲೆ ಬೆಳೆದವಳು ಕಣೇ, ಕಾಲು ನೀಡು ಎಂದು ಗದರಿದೆ. ಮೊಣಕೈಯಲ್ಲಿ ನೀರಿನ ಹದ ನೋಡುವುದು, ಕುತ್ತಿಗೆಯ ಕೆಳಗೆ ಅಂಗೈ ಕೊಡುವುದು, ಕಿವಿಗೆ ನೀರು ಹೋಗದ ಹಾಗೆ ತಲೆ ವಾಲಿಸುವುದು, ಎಲ್ಲ ಹೇಳಿದೆ.

ಕೊನೆಯ ದಿನ ನಾನೇ ಎರೆದೆ. ಬೇಗ ಮುಗಿಸಲು ಮನಸ್ಸಾಗಲಿಲ್ಲ, ನೀರು ಆರುತ್ತಿದೆ ಚಿಕ್ಕಮ್ಮ ಎಂದು ಇಂದುಮತಿ ಎರಡು ಸಲ ಎಚ್ಚರಿಸಿದಳು. ಕೂಸು ನಿಟ್ಟುಸಿರು ಬಿಟ್ಟಿತು. ಮರುದಿನದಿಂದ ಇಂದುಮತಿ ಬಚ್ಚಲಿನ ಒಳಗೆ ಕಾಲು ನೀಡಿದಳು, ನಾನು ಬಾಗಿಲಿನ ಹೊರಗೆ ಗೋಡೆಗೊರಗಿ ಕೂತೆ. ಬಿದ್ದರೂ ತಲೆ ಒಡೆಯಬಾರದು ಎಂದು ಕಂಬಳಿ ಹಾಸಿಕೊಂಡಿದ್ದೆ. ಊರಿನ ಬೇರೆ ಮನೆಗಳಿಗೂ ಹೋಗುವುದನ್ನು ಬಿಟ್ಟೆ. ಯಾರೂ ಕರೆಯಲಿಲ್ಲ, ಕರೆಯಬಾರದು ಎಂದು ಅವರಿಗೂ ಗೊತ್ತಿತ್ತು.

ಟೆಂಟಿನ ಕಾಲವೇ ಮೇಲಾಗಿತ್ತು. ಆಗ ಸಂಜೆ ಒಂದು ಆಟ, ರಾತ್ರಿ ಒಂದು ಆಟ, ಲೆಕ್ಕವಿತ್ತು. ಈಗ ಮನೆಮನೆಯಲ್ಲಿ ಕೂತು ನೋಡುವವರಿಗೆ ಹೊತ್ತುಗೊತ್ತಿಲ್ಲ. ಇಷ್ಟವಾದ ಸಾವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಸುಭದ್ರಕ್ಕ ಬಿದ್ದು, ಎದ್ದು, ಪೂರ್ತಿ ಏಳುವುದರೊಳಗೆ ಮತ್ತೆ ಬಿದ್ದು, ಮೈಕೈಯೆಲ್ಲ ನುಗ್ಗಾದಳು. ಯಾವನೋ ಪುಣ್ಯಾತ್ಮ ಡಿಸ್ಕು ತೆಗೆಯದೆ ಅರ್ಧಕ್ಕೆ ಹಾಗೇ ನಿಲ್ಲಿಸಿ ಊರಿಗೆ ಹೋದನೋ ಏನೋ, ದರ್ಜಿ ಒಂದು ಇಡೀ ದಿನ ಏಳಲೇ ಇಲ್ಲ, ಅವನ ಮನೆಯವರು ಸರದಿಯಲ್ಲಿ ತೊಡೆ ಕೊಟ್ಟರು. ನಾನು ಸುಭದ್ರಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೇನು ನನ್ನ ಸರದಿ, ಇನ್ನೇನು ನನ್ನ ಸರದಿ ಎಂದು ಕಾದೆ.

ನನ್ನ ಸರದಿ ಬರಲಿಲ್ಲ. ಮಳೆಗಾಲ ಹೋಗಿ ಚಳಿ ಬಂತು, ಬರಲಿಲ್ಲ. ಕೂಸು ಮಗುಚಿಕೊಂಡಿತು, ಕೂರಲು ಕಲಿಯಿತು, ಇಂದುವಿನ ಕೈ ಪಳಗಿತು, ಬಚ್ಚಲಿನ ಒಳಗಿಂದ ತಾಯಿ ಮಗಳ ನಗು ಕೇಳಿಸುತ್ತಿತ್ತು. ನಾನು ಹೊರಗೆ ಕಂಬಳಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಊರವರು ಮೊದಲು ಮರುಕಪಟ್ಟರು, ಆಮೇಲೆ ನಕ್ಕರು. ವಿಶಾಲಕ್ಕನನ್ನು ಯಾರೂ ನೋಡುತ್ತಿಲ್ಲವಂತೆ ಎಂದರು. ಸೆನ್ಸಾರಿನವರೇ ಹೆದರಿದ ಸೀನು ಎಂದು ಕೊಚ್ಚಿಕೊಂಡವಳಲ್ಲವೇ ನಾನು, ನಗದೆ ಏನು ಮಾಡಿಯಾರು? ನಾಚಿಕೆಯಾಗುತ್ತಿತ್ತು. ಬೀಳಬಾರದು ಎಂದು ಹೆದರಿದ್ದವಳಿಗೆ, ಬೀಳುತ್ತಿಲ್ಲವಲ್ಲ ಎಂದು ನಾಚಿಕೆ. ಇಂಥ ಕೆಟ್ಟ ದಣಿವನ್ನು ನಾನು ನಿಂತಷ್ಟು ವರ್ಷವೂ ಕಂಡಿರಲಿಲ್ಲ.

ಇಂದುಮತಿ ಪ್ರಣೀತನಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟಳು. ಅವನು ಮೊದಲು ಸುಭದ್ರಕ್ಕನ ಕೈ ಹೇಗಿದೆ ಎಂದು ಕೇಳಿದ. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದ. ನನ್ನ ಸೀನು ಪಿಕ್ಚರಿನ ಜೊತೆ ತಾನಾಗಿ ಓಡುವುದಿಲ್ಲವಂತೆ. ಡಿಸ್ಕಿನಲ್ಲಿ ಅದರದ್ದೇ ಒಂದು ಜಾಗವಿದೆಯಂತೆ, ಹುಡುಕಿಕೊಂಡು ಹೋಗಿ ಒತ್ತಬೇಕಂತೆ, ಅದಕ್ಕೆ ಶಬ್ದವೂ ಇಲ್ಲವಂತೆ. ನಿಮ್ಮ ಜೊತೆ ನೋಡಬೇಕು ಅಂದಿದ್ದೆನಲ್ಲ, ಅವತ್ತು ಅಂಗಡಿಯಲ್ಲಿ ಕಂಡ ಮೇಲೆ ನನಗೂ ಒತ್ತಲು ಕೈ ಬರಲಿಲ್ಲ ಆಂಟಿ ಎಂದ. ಹಾಗಾದರೆ ಇನ್ನು ಮುಂದೆಯೂ ಯಾರೂ ಒತ್ತುವುದಿಲ್ಲವೇ ಎಂದು ಕೇಳಿದೆ. ಅದನ್ನು ಯಾರು ಹೇಳಲು ಸಾಧ್ಯ, ನಾಳೆಯೇ ಯಾರಾದರೂ ಒತ್ತಬಹುದು ಎಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ನಾಲ್ಕು ದಿನ ಹೀಗೇ ಹೋಯಿತು. ಬಚ್ಚಲಿಗೆ ಹೋಗೋಣವೆಂದರೆ ನಾಳೆಯ ಹೆದರಿಕೆ, ಹೊರಗೇ ಕೂರೋಣವೆಂದರೆ ಕೂಸು ಬೆಳೆದು ನಡೆದುಬಿಡುತ್ತದೆ. ಐದನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅಟ್ಟದಿಂದ ಆ ಪೆಟ್ಟಿಗೆ ಇಳಿಸಿ ಇಂದುವಿನ ಮುಂದಿಟ್ಟೆ. “ಹಾಕೇ ಇದನ್ನ,” ಎಂದೆ. “ಬೀಳೋದಿದ್ರೆ ನಮ್ಮೋರ ಮುಂದೆ ಒಂದ್ಸಲ ಬೀಳ್ತೀನಿ. ಹೆಂಗಿರುತ್ತೆ ಅಂತ ಗೊತ್ತಾಗ್ಲಿ. ಕಾಯೋದು ಸಾಕಾಗಿದೆ ನಂಗೆ.”

ಇಂದುಮತಿ ತಾಯಿಯ ಮುಖ ನೋಡಿದಳು. ಸುಭದ್ರಕ್ಕ ಟಿವಿಯ ಮುಂದೆ ಚಾಪೆ ಹಾಸಿ, ಗೋಡೆಗೊರಗಿ ಕೂತು, ತೊಡೆಯ ಮೇಲಿನ ಸೀರೆಯ ನೆರಿಗೆ ಸರಿಮಾಡಿಕೊಂಡು ನನ್ನನ್ನು ಕರೆದಳು. ಇಷ್ಟು ವರ್ಷದಲ್ಲಿ ನಾನು ಯಾರ ತೊಡೆಯ ಮೇಲೂ ತಲೆಯಿಟ್ಟವಳಲ್ಲ. ಮಲಗಿದೆ. ಅವಳ ಸೀರೆಗೆ ಇನ್ನೂ ಬಜ್ಜಿಯ ಹಿಟ್ಟಿನ ವಾಸನೆಯಿತ್ತು. ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಸಿಕ್ಕಿತು ಚಿಕ್ಕಮ್ಮ, ಒತ್ತಲಾ ಎಂದು ಇಂದು ಕೇಳಿದಳು. ಹೂಂ ಎಂದೆ.

ಬೇಳೆ ಮುಗಿದದ್ದು ಮರೆತುಹೋಗುತ್ತದೆ ಎಂದು ಕಾದೆ. ಮರೆಯಲಿಲ್ಲ. ಬೀದಿಯಲ್ಲಿ ತರಕಾರಿಯವನು ಕೂಗುವುದು ಕೇಳಿಸುತ್ತಲೇ ಇತ್ತು. ಬಲಗೈ ಮಾತ್ರ ನನ್ನನ್ನು ಕೇಳದೆ ಎದೆಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಲು ನೋಡಿದೆ, ಬರಲಿಲ್ಲ. ಕಣ್ಣು ಬಿಟ್ಟೆ.

ಟಿವಿಯ ತುಂಬ ಡಕಾಯಿತನ ಮುಖ. ಗೀರಿಲ್ಲದ, ತೊಳೆದಿಟ್ಟ ಮುಖ. ಒಂದು ಕಡೆ ಅಂಟು ಬಿಟ್ಟ ಮೀಸೆ, ಹಣೆಯ ಮೇಲೆ ಬೆವರು, ತಿರುಗಿಸುತ್ತಿರುವ ಕಣ್ಣುಗುಡ್ಡೆ. ಕ್ಯಾಮೆರಾ ಅವನನ್ನು ಬಿಟ್ಟು ಅಲ್ಲಾಡಲಿಲ್ಲ. ಕೆಳಗೆ ಮೂಲೆಯಲ್ಲಿ ಗಾಜಿನ ಬಳೆ ಹಾಕಿದ ಒಂದು ಕೈ ಅಕ್ಕಿಮೂಟೆಯ ಮೇಲೆ ಬಿದ್ದಿತ್ತು. ಮೂಟೆಯನ್ನು ಪರಚಿ ಪರಚಿ ಆಗಲೇ ನಿಂತಿತ್ತು. ಅಷ್ಟೇ. ಚಿತ್ರ ಅಲ್ಲೇ ನಿಂತುಬಿಟ್ಟಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಸತ್ತ ಸಾವಿನಲ್ಲಿ ಅವರು ತೆಗೆದುಕೊಂಡದ್ದು ಆ ಒಂದು ಕೈ. ಸೆನ್ಸಾರಿನವರು ಯಾಕೆ ಹೆದರುತ್ತಾರೆ? ದಾಮೋದರನೇ ಬೇಡವೆಂದು ಎಸೆದಿರಬೇಕು. ಚಪ್ಪಾಳೆ ತಟ್ಟಿದ್ದು ಆ ಮೀಸೆಯವನಿಗೆ. ನನ್ನ ಮುಖ ಅದರಲ್ಲಿ ಇಲ್ಲವೇ ಇಲ್ಲ. ಸಿಟ್ಟು ಬಂತು, ನಗು ಬಂತು, ಕಣ್ಣಲ್ಲಿ ನೀರು ಬಂದು ಕಿವಿಗೆ ಇಳಿಯಿತು.

“ಅಕ್ಕಾ, ನೋಡಿದ್ಯಾ ನನ್ನ ಸಾವನ್ನ,” ಎಂದೆ.

“ನೋಡ್ದೆ ಕಣೇ,” ಎಂದಳು ಸುಭದ್ರಕ್ಕ. ಅವಳ ದನಿಯಲ್ಲಿ ನಗುವಿರಲಿಲ್ಲ. “ಎಷ್ಟು ಒದ್ದಾಡಿದೀಯೇ.”

ನಾನು ಎದ್ದು ಕೂತೆ. ಬಲಗೈ ಏಳಲಿಲ್ಲ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಸುಭದ್ರಕ್ಕ ತನ್ನ ಸುಟ್ಟ ಕಲೆಯ ಕೈಯಿಂದ ಅದನ್ನು ಮೆಲ್ಲಗೆ ಎತ್ತಿ, ತನ್ನ ತೊಡೆಯ ಮೇಲಿಟ್ಟುಕೊಂಡಳು. ಯಾರ ತಲೆಯನ್ನೋ ಇಟ್ಟುಕೊಂಡಿರುವ ಹಾಗೆ, ಅಲ್ಲಾಡದೆ ಕೂತಳು. ಡಿಸ್ಕು ತೆಗೆಯಲಾ, ಕೈ ಏಳುತ್ತದೆ ಎಂದು ಇಂದು ಕೇಳಿದಳು. ಇರಲಿ ಎಂದೆ. ಆ ಕೈಗೆ ಮಕ್ಕಳನ್ನು ಹಿಡಿದೂ ಹಿಡಿದೂ ಆಯಾಸವಾಗಿರುತ್ತದೆ, ಸ್ವಲ್ಪ ಹೊತ್ತು ಮಲಗಲಿ ಅನ್ನಿಸಿತು.

ಕೂತಲ್ಲಿ ಕಾಲು ನೀಡುವುದು ನನಗೆ ಅಭ್ಯಾಸ, ನೀಡಿಕೊಂಡಿದ್ದೆ. ಇಂದುಮತಿ ಸೊಂಟದ ಮೇಲಿದ್ದ ಕೂಸನ್ನು ಇಳಿಸಿ, ನನ್ನನ್ನೂ ಕೇಳದೆ, ನನ್ನ ಕಾಲುಗಳ ಮೇಲೆ ಬೋರಲು ಮಲಗಿಸಿದಳು. ನಾನು ಬೆಚ್ಚಿಬಿದ್ದು ಬೇಡವೇ, ಕೈಯಿಲ್ಲ, ಬಿದ್ದುಬಿಡುತ್ತದೆ ಎಂದೆ.

“ಕಾಲು ಬಿದ್ದಿಲ್ವಲ್ಲ ಚಿಕ್ಕಮ್ಮ,” ಎಂದಳು. “ಕೈ ನಂದಿದೆ.”

ಕೂಸು ದೊಡ್ಡದಾಗಿತ್ತು. ತಲೆಯೆತ್ತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು, ನನ್ನ ಪಾದದ ಬೆರಳು ಹಿಡಿದು ಎಳೆಯಿತು, ಒದೆಯಿತು. ಕಾಲು ಮಿಸುಕಲಿಲ್ಲ. ಅದರ ಭಾರ ಮಂಡಿಯಿಂದ ಹಿಮ್ಮಡಿಯವರೆಗೆ ಹರಡಿ ನಿಂತಿತು. ನೋವಾಯಿತು, ಆದರೂ ತೆಗೆ ಅನ್ನಲಿಲ್ಲ. ಟಿವಿಯಲ್ಲಿ ಆ ಕೈ ಇನ್ನೂ ಮೂಟೆಯ ಮೇಲೆ ಬಿದ್ದೇ ಇತ್ತು.

“ಹಂಡೆಗೆ ನೀರು ತುಂಬ್ಸು, ಇಂದೂ,” ಎಂದೆ.